ಗಜೇಂದ್ರಗಡದ ಹದಿನಾಲ್ಕು ಸೆಕೆಂಡು

ಒಂದು ಮಂಗಳವಾರ ಬೆಳಗ್ಗೆ ಎಂಟೂ ಕಾಲಿಗೆ ನನ್ನ ಹೆಂಡತಿಯ ಧ್ವನಿ ನಿಂತುಹೋಯಿತು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

ಲೀಲಾ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಎದುರುಮನೆಯ ಅತ್ತೆ ಸೊಸೆಯರ ಜಗಳ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದೆ. “ಮತ್ತ ಆ ಸೊಸಿ ಏನಂದ್ಲು ಗೊತ್ತೇನ್ರಿ?” ಅಂದಳು. ಆಮೇಲೆ ಅವಳ ತುಟಿ ಆಡಿತು, ಹುಬ್ಬು ಮೇಲೆ ಹೋಯಿತು, ಹಿಟ್ಟಿನ ಕೈ ಗಾಳಿಯಲ್ಲಿ ಎರಡು ಸಲ ತಿರುಗಿತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ರೊಟ್ಟಿಯ ಚಟಪಟ ಕೇಳಿಸುತ್ತಿತ್ತು, ಹೊರಗೆ ತರಕಾರಿ ಗಾಡಿಯವನ ಕೂಗು ಕೇಳಿಸುತ್ತಿತ್ತು, ನನ್ನದೇ ಹಲ್ಲಿನಡಿ ಉಳ್ಳಾಗಡ್ಡಿ ಮುರಿಯುವುದೂ ಕೇಳಿಸುತ್ತಿತ್ತು.

“ಏನಂದಿ?” ಅಂದೆ. ಅವಳು ಮತ್ತೆ ಹೇಳಿದಳು. ಮತ್ತೆ ಏನೂ ಇಲ್ಲ.

ನನ್ನ ಕಿವಿಯ ವಿಷಯ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂದು, ಹೋಗುವಾಗ ಎರಡೂ ಒಳಗಿವಿಗಳನ್ನು ಕೆಡಿಸಿ ಹೋಯಿತು. ಡಾಕ್ಟರ್ ಇಟಗಿ ನನ್ನ ತಲೆಯೊಳಗೆ ಒಂದು ಸಣ್ಣ ತಂತಿ ಕೂರಿಸಿದರು. ಹೊರಗೆ, ಕಿವಿಯ ಹಿಂದೆ, ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಬಿಲ್ಲೆ. ಬಿಲ್ಲೆ ಲೋಕದ ಸದ್ದನ್ನು ಹಿಡಿದು ವಿದ್ಯುತ್ತಾಗಿ ಬದಲಿಸಿ ತಂತಿಗೆ ಕೊಡುತ್ತದೆ, ತಂತಿ ನರಕ್ಕೆ ಕೊಡುತ್ತದೆ. ಬಿಲ್ಲೆ ತೆಗೆದರೆ ನಾನು ಕಲ್ಲು. ಅದನ್ನು ಮೊದಲ ಸಲ ಹಚ್ಚಿದ ದಿನ ಆಸ್ಪತ್ರೆಯಲ್ಲಿ ನನಗೆ ಕೇಳಿಸಿದ ಮೊದಲ ಮಾತು ಲೀಲಾಳದು: “ಕೇಳಸ್ತೈತೇನ್ರಿ?” ನಾನು ಹೂಂ ಅನ್ನುವ ಬದಲು ಅತ್ತುಬಿಟ್ಟೆ. “ಖೋಡಿ ಇದ್ದೀರಿ ನೋಡ್ರಿ, ಇಷ್ಟ ಮಂದ್ಯಾಗ ಅಳ್ತೀರಲ್ಲ” ಅಂದು ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

ಖೋಡಿ ಎಂದರೆ ದುಷ್ಟ, ಕೆಟ್ಟವನು. ಆದರೆ ನಮ್ಮ ಗದಗಿನ ಕಡೆ ಅದನ್ನು ಮುದ್ದಿಗೂ ಅನ್ನುತ್ತಾರೆ. ಮದುವೆಯಾದ ಮೂವತ್ತು ವರ್ಷದಲ್ಲಿ ಲೀಲಾ ನನ್ನನ್ನು ಎಷ್ಟು ಸಲ ಖೋಡಿ ಅಂದಿದ್ದಾಳೋ ಲೆಕ್ಕವಿಲ್ಲ. ಅದೇ ಶಬ್ದವನ್ನು ತನ್ನ ತಮ್ಮನಿಗೆ ಒಂದೇ ಸಲ ಅಂದಳು, ಅವ್ವ ಸಾಯುವಾಗ ಹೇಳಿ ಕಳಿಸಿದರೂ ಅವನು ಬರದೆ ಹೋದದ್ದಕ್ಕೆ. ಆಮೇಲೆ ಹದಿನೆಂಟು ವರ್ಷವಾಯಿತು, ಅವನ ಜೊತೆ ಮಾತಾಡಿಲ್ಲ.

ನಾನು, ಮುರಿಗೆಪ್ಪ ಹೊಂಬಳ, ಹುಬ್ಬಳ್ಳಿಯ ನಾದಪಾಲ ಕಂಪನಿಯ ಕನ್ನಡ ವಿಭಾಗದಲ್ಲಿ ಅನುವಾದಕ. ಧ್ವನಿ, ಹಾಡು, ಸದ್ದುಗಳ ಹಕ್ಕು ಕಾಯುವುದು ಕಂಪನಿಯ ಕೆಲಸ. ಮೂರು ವರ್ಷದ ಹಿಂದೆ ನಾದಸ್ವತ್ತು ಕಾಯ್ದೆ ಬಂತು. ಯಾರದೋ ಹಕ್ಕಿನ ಸದ್ದನ್ನು ಇನ್ಯಾರೋ ಪುಕ್ಕಟೆಯಾಗಿ ಹಿಡಿಯಬಾರದು ಎಂಬುದು ಅದರ ತಿರುಳು. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಫೋನು, ಟೇಪು, ಕ್ಯಾಮೆರಾ. ಆದರೆ ಅವರು ಬರೆದದ್ದು ‘ಶಬ್ದವನ್ನು ಗ್ರಹಿಸಿ ಪರಿವರ್ತಿಸುವ ಯಾವುದೇ ಸಾಧನ’ ಎಂದು. ನನ್ನ ಬಿಲ್ಲೆ ಮಾಡುವುದು ಅದನ್ನೇ. ಯಾರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ವ್ಯಾಕರಣದ ಪ್ರಕಾರ ನಾನೂ ಅದರೊಳಗೆ ಬಂದೆ, ಅಷ್ಟೆ.

ಊರು ಅದಕ್ಕೆ ಬೇಗ ಹೊಂದಿಕೊಂಡಿತ್ತು. ಮದುವೆಮನೆಯಲ್ಲಿ ಹೆಂಗಸರು ಸೋಬಾನೆ ಹಾಡುವ ಮೊದಲು ಬಂದವರ ಫೋನುಗಳನ್ನೆಲ್ಲ ಅಕ್ಕಿಯ ಪೀಪಾಯಿಯಲ್ಲಿ ಹೂಳುತ್ತಿದ್ದರು, ಏಕೆಂದರೆ ಆ ಹಾಡುಗಳನ್ನೂ ಯಾರೋ ನೋಂದಾಯಿಸಿದ್ದರು. ನನ್ನ ಕ್ಷೌರ ಮಾಡುವ ಫಕೀರಪ್ಪನಿಗೆ ಸಿಳ್ಳೆ ಹಾಕುವ ಚಟ. ಸಿಳ್ಳೆಯಲ್ಲಿ ಯಾರದೋ ಹಕ್ಕಿನ ರಾಗ ಸಿಕ್ಕಿದರೆ ಗಿರಾಕಿಗಳ ಫೋನುಗಳು ಕಿರುಚಿಕೊಳ್ಳುತ್ತವೆ ಎಂದು ಅವನು ಬಾಯಲ್ಲಿ ನೀರು ತುಂಬಿಕೊಂಡು ಕತ್ತರಿ ಆಡಿಸುತ್ತಿದ್ದ. ನಾವೆಲ್ಲ ಇದನ್ನು ನೋಡಿ ನಕ್ಕಿದ್ದೆವು. ನಾನು ತುಸು ಹೆಚ್ಚೇ ನಕ್ಕಿದ್ದೆ, ಕಂಪನಿಯವನಲ್ಲವೆ.

ಆ ಮಂಗಳವಾರ ಆಫೀಸಿಗೆ ಹೋದವನೇ ಮೂರನೇ ಮಹಡಿಯ ತಾಳೆ ಕೊಠಡಿಗೆ ಹೋದೆ. ಸಾಧನಗಳು ಕೇಳಿಸಿಕೊಂಡ ಸದ್ದನ್ನು ನೋಂದಾಯಿತ ಸದ್ದಿಗೆ ತಾಳೆ ನೋಡುವುದು ಅಲ್ಲಿ. ಹನ್ನೊಂದು ಜನ ಪರದೆಗಳ ಮುಂದೆ ಕೂರುತ್ತಾರೆ. ಅವರ ಮೇಲ್ವಿಚಾರಕಿ ಫರ್ಜಾನಾ ನದಾಫ್ ನಮ್ಮ ಬೆಟಗೇರಿಯ ಹುಡುಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಟಿಪ್ಪಣಿಗಳ ಕಾಗುಣಿತ ತಿದ್ದಿಕೊಟ್ಟವನು ನಾನು.

“ಸರ್, ತಪ್ಪೇನೂ ಆಗಿಲ್ರಿ” ಅಂದಳು, ಪರದೆ ನನ್ನ ಕಡೆ ತಿರುಗಿಸಿ. “ನಿನ್ನಿ ರಾತ್ರಿ ಹೊಸ ಸಾಫ್ಟ್‌ವೇರ್ ಬಂದೈತ್ರಿ ಎಲ್ಲಾ ಬಿಲ್ಲೆಗೂ. ಗಂಟಲಾ ತಾಳೆ ಆಗೇತಿ.”

“ಯಾರ ಗಂಟಲಾ?”

“ಮೇಡಂ ಅವರದ್ದು. ಸ್ವತ್ತು ಸಂಖ್ಯೆ ಏಳುನೂರಾ ಹದಿನಾರು. ಬಸ್‌ಸ್ಟ್ಯಾಂಡಿನ ಧ್ವನಿ.”

ಲೀಲಾ ಹತ್ತೊಂಬತ್ತು ವರ್ಷ ಗದಗ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತವಳು. ರೋಣ, ಮುಂಡರಗಿ, ಲಕ್ಷ್ಮೇಶ್ವರ, ನರಗುಂದ ಎಂದು ಅವಳು ಹೇಳುತ್ತಿದ್ದರೆ ಮುದುಕಿಯರು ಚೀಲ ಎತ್ತಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ನಮ್ಮ ಕಂಪನಿ ಅವಳನ್ನು ಎಂಟು ದಿನ ಒಂದು ಕೋಣೆಯಲ್ಲಿ ಕೂರಿಸಿ ಕನ್ನಡದ ಎಲ್ಲ ಅಕ್ಷರ, ಒತ್ತಕ್ಷರ, ಊರಿನ ಹೆಸರುಗಳನ್ನು ಹೇಳಿಸಿ ಹಿಡಿದುಕೊಂಡಿತು. ಅಲ್ಲಿಂದಾಚೆ ಮಶೀನು ಆ ಚೂರುಗಳನ್ನು ಜೋಡಿಸಿ ಯಾವ ಊರಿನ ಯಾವ ಬಸ್ಸನ್ನಾದರೂ ಅವಳ ಧ್ವನಿಯಲ್ಲಿ ಕೂಗುತ್ತದೆ. ಲೀಲಾ ಮನೆಗೆ ಬಂದಳು.

ಪರದೆಯ ಮೇಲೆ ಒಂದು ಸಾಲಿತ್ತು: ‘ಗದಗ, ಬೆಳಗ್ಗೆ 8:15, ತಡೆಯಲಾಗಿದೆ.’ ಅದರ ಮುಂದೆ, ‘ನನ್ನ ಸೀರಿ ಮೊದ್ಲ ಹಿಂದಕ್ಕ ಕೊಡ್ರಿ, ಆಮ್ಯಾಲೆ ನನಗ ಬುದ್ಧಿ ಹೇಳ್ರಿ ಅಂದ್ಲಂತ.’

ಎದುರುಮನೆಯ ಸೊಸೆ ಏನಂದಳು ಎಂದು ಗೊತ್ತಾಗಿ ನನಗೆ ನಗು ಬಂತು. ಮರುಕ್ಷಣ ಆ ಸಾಲನ್ನು ಇನ್ನೊಮ್ಮೆ ಓದಿದೆ. ಅದು ನನ್ನ ಅಡುಗೆಮನೆ.

“ಇದನ್ನೆಲ್ಲಾ ನೀವು ಓದ್ತೀರೇನು?”

“ತಡದದ್ದನ್ನ ಪುರಾವೆ ಅಂತ ಇಡಬೇಕಲ್ರಿ ಸರ್. ಮಶೀನ್ ಓದತೈತ್ರಿ. ಸಂಶೆ ಬಂದದ್ದಷ್ಟ ನಾವು ಓದ್ತೀವಿ.”

“ಸಂಶೆ ಯಾವಾಗ ಬರತೈತಿ?”

“ಅದನ್ನೂ ಮಶೀನಽ ಹೇಳತೈತ್ರಿ.” ಆಮೇಲೆ ದನಿ ತಗ್ಗಿಸಿ ಅಂದಳು, “ಇದನ್ನ ನಿಮಗ ತೋರ್ಸಬಾರದಿತ್ತು. ಇನ್ನೊಮ್ಮೆ ಕೇಳಬ್ಯಾಡ್ರಿ.”

“ಆದ್ರ ಆಕಿ ಕೊಟ್ಟಿದ್ದು ರೆಕಾರ್ಡ್ ಮಾಡಿದ್ದನ್ನವಾ. ಗಂಟಲಾ ಯಾವಾಗ ಕೊಟ್ಲು?”

ಫರ್ಜಾನಾ ಲೀಲಾಳ ಒಪ್ಪಂದಪತ್ರ ತೆರೆದಳು. ನಾನು ಮೂರನೇ ಕಲಮು ಓದಿದೆ. ‘ಕಲಾವಿದರು ತಮ್ಮ ಧ್ವನಿಯನ್ನು ಸಂಸ್ಥೆಗೆ ಶಾಶ್ವತವಾಗಿ ವಹಿಸಿಕೊಡುತ್ತಾರೆ.’

ಆ ವಾಕ್ಯ ನನ್ನದು. ಒಪ್ಪಂದದ ಇಂಗ್ಲಿಷ್ ಪಾಠದಲ್ಲಿ ಧ್ವನಿಯ ಮುದ್ರಣಗಳು ಎಂಬರ್ಥದ ಮಾತಿತ್ತು. ಕನ್ನಡಕ್ಕೆ ಮಾಡುವಾಗ ‘ಧ್ವನಿಮುದ್ರಣಗಳನ್ನು’ ಎಂಬ ಉದ್ದನೆಯ ಶಬ್ದ ಹತ್ತು ಕಡೆ ಬರುತ್ತಿತ್ತು. ಉದ್ದ ಶಬ್ದ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ, ಕನ್ನಡ ಕನ್ನಡದ ಹಾಗೆ ಇರಬೇಕು ಎಂದು ಕಿರಿಯರಿಗೆ ಬೈಯುವವನು ನಾನು. ಹತ್ತೂ ಕಡೆ ‘ಧ್ವನಿಯನ್ನು’ ಎಂದು ಮಾಡಿದೆ. ವಾಕ್ಯ ಹಗುರಾಯಿತು ಎಂದು ಎರಡು ಸಲ ಓದಿ ಮೆಚ್ಚಿಕೊಂಡೆ. ಅಷ್ಟಕ್ಕೇ ಬಿಡಲಿಲ್ಲ. ಎರಡು ಪಾಠಗಳಲ್ಲಿ ವ್ಯತ್ಯಾಸ ಕಂಡರೆ ಇಂಗ್ಲಿಷೇ ಅಂತಿಮ ಎಂಬ ಕಲಮಿತ್ತು, ಅದನ್ನು ತಿರುವಿಹಾಕಿ ‘ಕನ್ನಡ ಪಾಠವೇ ಅಂತಿಮ’ ಎಂದು ಮಾಡಿಸಲು ಎಂಟು ತಿಂಗಳು ಗುದ್ದಾಡಿದೆ. ಆ ವರ್ಷ ರಾಜ್ಯೋತ್ಸವದ ದಿನ ಆಫೀಸಿನಲ್ಲಿ ನನಗೆ ಶಾಲು ಹೊದಿಸಿದರು.

ಲೀಲಾ ಸಹಿ ಮಾಡುವಾಗ “ಓದಬೇಕೇನ್ರಿ?” ಎಂದು ಕೇಳಿದ್ದಳು. “ನಾ ಓದೀನಿ, ಛಲೋ ಐತಿ, ಸಹಿ ಮಾಡು” ಅಂದಿದ್ದೆ. ಬರೆದವರು ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮಂಗಳವಾರ ಸಂಜೆ ಮನೆಗೆ ಹೋಗಿ “ಹೊಸ ಕಾಯ್ದೆ ಅಂತ, ಏನ ಮಾಡೂದು” ಎಂದಷ್ಟೇ ಹೇಳಿದೆ. ನನ್ನ ಮಾತಿಗೇನೂ ತಡೆ ಇರಲಿಲ್ಲವಲ್ಲ. ಆದರೂ ಹೇಳಲಿಲ್ಲ.

ಮೊದಲ ಕೆಲವು ದಿನ ನಾವು ಹೂಡಿದ ಆಟಗಳು ಒಂದೆರಡಲ್ಲ. ಡಾಕ್ಟರ್ ಇಟಗಿ ಹಳೆಯ ಬಿಲ್ಲೆ ಹುಡುಕಿ ನೋಡಿದರು, ಎಲ್ಲವನ್ನೂ ಕಂಪನಿಗಳು ವಾಪಸು ತೆಗೆದುಕೊಂಡಿದ್ದವು. ಲೀಲಾ ಮೂಗು ಹಿಡಿದುಕೊಂಡು ಮಾತಾಡಿದಳು, ಗಂಡುದನಿ ಮಾಡಿದಳು. ಒಂದು ದಿನ ಊಟವಾದ ಮೇಲೆ ಎಲೆ ಅಡಿಕೆ ದವಡೆಯಲ್ಲಿಟ್ಟುಕೊಂಡು ಏನೋ ಅಂದಳು, ಥಟ್ಟನೆ ಕೇಳಿಸಿತು: “ಸುಣ್ಣ ಜಾಸ್ತಿ ಆತು.” ಬಾಯಿ ತುಂಬಿದ್ದರಿಂದ ಗಂಟಲಿನ ಗುರುತು ಮಶೀನಿಗೆ ಸಿಕ್ಕಿರಲಿಲ್ಲ. ಅಲ್ಲಿಂದ ಹನ್ನೊಂದು ದಿನ ನನ್ನ ಹೆಂಡತಿ ಬೆಳಗಿನಿಂದ ಮಲಗುವವರೆಗೆ ಕವಳ ಹಾಕಿದಳು. ಹಲ್ಲು ಕೆಂಪಾಯಿತು, ನಾಲಿಗೆ ಸುಟ್ಟು ಬೊಬ್ಬೆ ಬಂದವು, ಆದರೂ ಬಿಡಲಿಲ್ಲ. ಹನ್ನೆರಡನೇ ದಿನ ಮಶೀನು ಅದನ್ನೂ ಕಲಿತುಬಿಟ್ಟಿತು.

ಬರೆದು ತೋರಿಸಬಹುದಿತ್ತಲ್ಲ ಎಂದರೆ, ಬರೆಯುತ್ತಿದ್ದಳು. ‘ಎಣ್ಣೆ ತೀರಿದೆ.’ ‘ನಾಳೆ ನೀರು ಬರುವುದಿಲ್ಲ.’ ಕೈಗೆ ಪೆನ್ನು ಬಂದರೆ ಲೀಲಾ ಪ್ರಯಾಣಿಕರಿಗೆ ಹೇಳಿದ ಹಾಗೆ ಬರೆಯುತ್ತಾಳೆ. ಅತ್ತೆ ಸೊಸೆಯರ ಜಗಳ, ನನ್ನ ಅಂಗಿಯ ಗುಂಡಿಯ ಮೇಲಿನ ಟೀಕೆ, ಸುಮ್ಮನೆ ಅನ್ನುವ ಮಾತು ಯಾವುದೂ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಬರಬರುತ್ತ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡತೊಡಗಿದವು.

ನಾನು ಗುಟ್ಟಾಗಿ ಕಂಪನಿಗೆ ಒಂದು ಅರ್ಜಿ ಕೊಟ್ಟೆ. ‘ಮೂರನೇ ಕಲಮಿನ ಅನುವಾದದಲ್ಲಿ ನನ್ನಿಂದ ದೋಷವಾಗಿದೆ, ಇಂಗ್ಲಿಷ್ ಪಾಠವನ್ನು ನೋಡಬೇಕು.’ ಎರಡು ವಾರಕ್ಕೆ ಉತ್ತರ ಬಂತು. ‘ಹದಿನಾಲ್ಕನೇ ಕಲಮಿನಂತೆ ಕನ್ನಡ ಪಾಠವೇ ಅಂತಿಮ.’ ಕೆಳಗೆ ಇನ್ನೊಂದು ಸಾಲು: ‘ತಮ್ಮ ಭಾಷಾಸೇವೆಯನ್ನು ಸಂಸ್ಥೆ ಗೌರವಿಸುತ್ತದೆ.’

ಆ ಹೊತ್ತಿಗೆ ನನ್ನ ಕೆಲಸವೂ ಬದಲಾಗಿತ್ತು. ಮಧ್ಯಾಹ್ನವೆಲ್ಲ ಶಬ್ದಚೀಟಿ. ತಡೆದ ಮಾತುಗಳಲ್ಲಿ ಮಶೀನಿಗೆ ತಿಳಿಯದ ಶಬ್ದವೋ ಎರಡರ್ಥದ ಶಬ್ದವೋ ಬಂದರೆ ಅದೊಂದೇ ಶಬ್ದ ನನ್ನ ಪರದೆಗೆ ಬರುತ್ತದೆ. ದಿನಾಂಕ, ಸಮಯ, ಶಬ್ದ, ಕೆಳಗೆ ಗುರುತು ಹಾಕಲು ಎರಡು ಮನೆ: ‘ಬೈಗುಳ’, ‘ಬೈಗುಳವಲ್ಲ’. ಬೈಗುಳವಾದರೆ ಆ ಸಾಲು ಇನ್ನೊಂದು ವಿಭಾಗಕ್ಕೆ ಹೋಗುತ್ತದೆ. ಮಾತಾಡಿದವರ ಹೆಸರಾಗಲಿ ಹಿಂದುಮುಂದಿನ ಮಾತಾಗಲಿ ಇರುವುದಿಲ್ಲ. ಮಾತಾಡಿದವರ ಖಾಸಗಿತನ ಕಾಪಾಡಲು ಹೀಗೆ ಎಂದು ಸೂಚನೆಯಲ್ಲಿದೆ. ಆ ಸೂಚನೆಯನ್ನು ಕನ್ನಡಕ್ಕೆ ಮಾಡಿದವನೂ ನಾನೇ.

ಒಂದು ಬೆಳಗ್ಗೆ ಬುತ್ತಿ ಮರೆತು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದೆ. ಲೀಲಾ ಡಬ್ಬಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೇ ಬಂದಳು. ಡಬ್ಬಿ ಕೈಗಿಡುವ ಹೊತ್ತಿಗೆ ಮೇಲಿನ ಸ್ಪೀಕರು ಶುರುವಾಯಿತು. ಅದು ನನಗೆ ಯಾವಾಗಲೂ ಕೇಳಿಸುತ್ತಿತ್ತು, ಏಕೆಂದರೆ ಅಲ್ಲಿ ಅವಳ ಧ್ವನಿಗೆ ಪರವಾನಗಿ ಇದೆ. “ಪ್ರಯಾಣಿಕರು ದಯವಿಟ್ಟು ಗಮನಿಸಿ. ಶಿರಹಟ್ಟಿ ಮಾರ್ಗವಾಗಿ…” ಅದರ ನಡುವೆ, ಪಕ್ಕದಿಂದ, ಮೊಳದಂತರದಿಂದ, “ಉಪ್ಪಿನಕಾಯಿ ಬ್ಯಾರೆ ಇಟ್ಟೀನಿ, ಕಲಸಬ್ಯಾಡ್ರಿ.”

ಡಬ್ಬಿ ನನ್ನ ಕೈಯಿಂದ ಬಿತ್ತು. ನಾನು ಅವಳ ಎರಡೂ ಭುಜ ಹಿಡಿದುಕೊಂಡು “ಮತ್ತೊಮ್ಮೆ ಹೇಳು” ಅಂದೆ. ಸ್ಪೀಕರು ನಿಂತಿತ್ತು. ತುಟಿ ಮಾತ್ರ ಆಡಿತು.

ಆ ದಿನ ಆಫೀಸಿಗೆ ಹೋಗಲಿಲ್ಲ. ಒಂದೊಂದು ಘೋಷಣೆಗೂ ಅವಳನ್ನು ಮಾತಾಡಿಸಿ ನೋಡಿ, ಕಂಪನಿಯ ಕಾಗದಗಳಲ್ಲಿ ಓದಿದ್ದನ್ನು ನೆನಪಿಸಿಕೊಂಡಾಗ ಮಧ್ಯಾಹ್ನದ ಹೊತ್ತಿಗೆ ಅದರ ಮರ್ಮ ತಿಳಿಯಿತು. ಪರವಾನಗಿ ಇರುವ ಸ್ಪೀಕರು ಮಾತಿನ ಜೊತೆಗೆ ಮನುಷ್ಯರ ಕಿವಿಗೆ ನಿಲುಕದ ಒಂದು ಸಣ್ಣ ಸೀಟಿಯನ್ನೂ ಊದುತ್ತದೆ. ಸೀಟಿ ಕೇಳಿದರೆ ಬಿಲ್ಲೆ ಆ ಸ್ವತ್ತಿಗೆ ಬಾಗಿಲು ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಆದರೆ ಒಪ್ಪಂದದ ಪ್ರಕಾರ ಸ್ವತ್ತು ಎಂದರೆ ಸ್ಪೀಕರಿನ ವಾಕ್ಯವಲ್ಲ, ಗಂಟಲು. ಬಾಗಿಲು ತೆರೆದಷ್ಟು ಹೊತ್ತು ಆ ಗಂಟಲಿನಿಂದ ಬಂದದ್ದೆಲ್ಲ ಒಳಗೆ ಬರುತ್ತಿತ್ತು. ನನ್ನ ತಪ್ಪು ಶಬ್ದ ಒಂದೇ ಒಂದು ಕಡೆ ನಮಗೆ ಉಪಕಾರ ಮಾಡಿತ್ತು.

ಅಲ್ಲಿಂದ ಏಳು ತಿಂಗಳು ನಾವು ಬಸ್‌ಸ್ಟ್ಯಾಂಡಿನಲ್ಲಿ ಸಂಸಾರ ಮಾಡಿದೆವು. ನಾನು ಹುಬ್ಬಳ್ಳಿಯಿಂದ ಬಂದು ಇಳಿಯುವ ಹೊತ್ತಿಗೆ ಲೀಲಾ ನಾಲ್ಕನೇ ಅಂಕಣದ ಎದುರಿನ ಕಲ್ಲುಬೆಂಚಿನಲ್ಲಿ ಕೂತಿರುತ್ತಿದ್ದಳು. ಐದೂವರೆಯಿಂದ ಏಳರವರೆಗೆ ಇಪ್ಪತ್ತು ಇಪ್ಪತ್ತೆರಡು ಘೋಷಣೆ. ಯಾವುದಕ್ಕೆ ಎಷ್ಟು ಸೆಕೆಂಡು ಎಂದು ಅವಳಿಗೆ ಗಡಿಯಾರ ಬೇಕಿರಲಿಲ್ಲ, ಹತ್ತೊಂಬತ್ತು ವರ್ಷ ಬಾಯಲ್ಲಿ ಆಡಿಸಿದ ಮಾತುಗಳು. ರೋಣಕ್ಕೆ ಏಳು, ಮುಂಡರಗಿಗೆ ಎಂಟು, ಲಕ್ಷ್ಮೇಶ್ವರಕ್ಕೆ ಹತ್ತು. ಎಲ್ಲಕ್ಕಿಂತ ಉದ್ದದ್ದು ಆರೂ ಐವತ್ತೆರಡಕ್ಕೆ, ನರೇಗಲ್ ಮಾರ್ಗವಾಗಿ ಗಜೇಂದ್ರಗಡ, ಹದಿನಾಲ್ಕು ಸೆಕೆಂಡು.

ಸಣ್ಣ ಸುದ್ದಿಗಳನ್ನು ರೋಣಕ್ಕೆ ಮುಗಿಸುತ್ತಿದ್ದಳು. ಅತ್ತೆ ಸೊಸೆಯರ ಜಗಳವನ್ನು ಮುಂಡರಗಿ, ಲಕ್ಷ್ಮೇಶ್ವರಗಳಲ್ಲಿ ಕಂತು ಕಂತಾಗಿ ಹೇಳುತ್ತಿದ್ದಳು. ಸರಿಯಾಗಿ ಬೈಯಬೇಕಾದದ್ದನ್ನು ಗಜೇಂದ್ರಗಡಕ್ಕೆ ಇಟ್ಟುಕೊಳ್ಳುತ್ತಿದ್ದಳು. ಮೇಲಿನಿಂದ ಅವಳ ಸಭ್ಯ ಧ್ವನಿ ಪ್ರಯಾಣಿಕರನ್ನು ಬೇಡಿಕೊಳ್ಳುತ್ತಿದ್ದರೆ, ಪಕ್ಕದಿಂದ ಅದೇ ಧ್ವನಿ, “ಅಂಗೀ ತೊಳದಿಟ್ಟೀನಿ, ಮತ್ತ ಹೊಲಸಂಗಿ ಹಾಕ್ಕೊಂಡು ಹೋಗೀರಲ್ಲ, ಮಂದಿ ನನಗ ಏನಂದಾರು” ಎಂದು ಒಂದೇ ಉಸಿರಿಗೆ ಮುಗಿಸುತ್ತಿತ್ತು. ಕೊನೆಯ ಅಕ್ಷರ ಸರಿಯಾಗಿ ಸ್ಪೀಕರಿನ ಕೊನೆಯ ಅಕ್ಷರದ ಮೇಲೆ ಬೀಳುತ್ತಿತ್ತು. ಒಂದು ದಿನವೂ ಅವಳ ಮಾತು ಅರ್ಧಕ್ಕೆ ಕಡಿಯಲಿಲ್ಲ.

ಏಳು ತಿಂಗಳಾದ ಮೇಲೆ, ಒಂದು ಮೂವತ್ತನೇ ತಾರೀಖು, ಫರ್ಜಾನಾ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಸರ್, ಬಸ್‌ಸ್ಟ್ಯಾಂಡಿಂದು ಮಶೀನಿಗೆ ಸಿಕ್ಕೇತ್ರಿ. ಒಂದು ಗಂಟಲಾ, ಎರಡು ಜಾಗಾ ಅಂತ ಬರಾಕ ಹತ್ತೇತಿ. ಒಂದನೇ ತಾರೀಖಿನ ಸಾಫ್ಟ್‌ವೇರ್‌ನ್ಯಾಗ ಸೀಟಿ ಬರೂ ದಿಕ್ಕಿನ ಧ್ವನಿ ಅಷ್ಟ ಬಿಡತೈತಿ.”

“ನಾಳೆ ಒಂದ ದಿನ ಐತಿ ಹಂಗಾರ?”

“ಈ ತಿಂಗಳಿಗೆ ಮೂವತ್ತಽ ದಿನಾರಿ ಸರ್. ಇವತ್ತ ಕಡೀಕ.”

ಅವಳು ಹೋಗದೆ ಅಲ್ಲೇ ನಿಂತಿದ್ದಳು. ಏಳು ತಿಂಗಳಿಂದ ಮಶೀನು ಸಂಶಯಪಟ್ಟ ನಮ್ಮ ಮಾತುಗಳನ್ನೆಲ್ಲ ಅವಳು ಓದಿದ್ದಾಳೆ, ಅವು ಮೇಲಿನವರಿಗೆ ಹೋಗದಂತೆ ನೋಡಿಕೊಂಡವಳೂ ಅವಳೇ ಇರಬೇಕು ಎಂದು ನನಗೆ ಆಗ ಹೊಳೆಯಿತು. ನಾಚಿಕೆಯೂ ಆಯಿತು, ಋಣವೂ ಅನ್ನಿಸಿತು.

ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಬರೆದವನು ನಾನು ಎಂದು ಇವತ್ತು ಹೇಳಬೇಕು. ಯಾವತ್ತು ಬೇಕಾದರೂ ಹೇಳಬಹುದಿತ್ತು, ಆದರೆ ಅವಳು ಕೊಡುವ ಉತ್ತರ ಕೇಳಿಸುವುದು ಇವತ್ತೇ ಕೊನೆ. ಕ್ಷಮಿಸಿದರೂ ಸರಿ, ಮುಖಕ್ಕೆ ಉಗಿದರೂ ಸರಿ, ಅವಳ ಬಾಯಿಂದ, ಅವಳ ಧ್ವನಿಯಲ್ಲಿ ಕೇಳಬೇಕು. ನನಗೆ ಬೇಕಾಗಿದ್ದುದು ಇಷ್ಟೇ.

ಬೆಂಚಿನ ಮೇಲೆ ಕೂತು ಮೊದಲು ಒಂದನೇ ತಾರೀಖಿನ ಸುದ್ದಿ ಹೇಳಿದೆ. ರೋಣದ ಘೋಷಣೆ ಬಂದಾಗ “ಹಂಗಾರ ಇನ್ನ ಸಂತಿ ಚೀಟಿ ಬರಕೊಂಡಽ ಇರಬೇಕು” ಅಂದಳು. ಮುಂಡರಗಿಗೆ ನಾನು ಇಷ್ಟಪಡುವ ಹುಣಸೆ ಚಟ್ನಿ ಮಾಡಿದ್ದೇನೆ ಅಂದಳು. ಲಕ್ಷ್ಮೇಶ್ವರಕ್ಕೆ ನನ್ನ ಕೈ ಹಿಡಿದುಕೊಂಡಳು. ನಾನು ಹೇಳಬೇಕು ಹೇಳಬೇಕು ಎಂದು ಒಂದೊಂದೇ ಬಸ್ಸು ಬಿಟ್ಟುಕೊಡುತ್ತ ಹೋದೆ. ಆರೂ ನಲವತ್ತೇಳಾಯಿತು.

“ಲೀಲಾ, ಆ ಕಾಗದದಾಗ ಧ್ವನಿ ಅಂತ ಬರದಾಂವ ನಾನು.”

ಅವಳು ತಿರುಗಿ ನೋಡಿದಳು. ಎಲ್ಲ ಹೇಳಿದೆ. ಉದ್ದ ಶಬ್ದವನ್ನು ಕತ್ತರಿಸಿದ್ದು, ಹದಿನಾಲ್ಕನೇ ಕಲಮು, ಶಾಲು, ಅರ್ಜಿ, ಅದಕ್ಕೆ ಬಂದ ಉತ್ತರ. ಮೊದಲ ದಿನವೇ ಗೊತ್ತಾಗಿಯೂ ಹೇಳದೆ ಇದ್ದದ್ದು, ಅವಳ ನಾಲಿಗೆ ಬೊಬ್ಬೆ ಬಂದಾಗಲೂ ಹೇಳದೆ ಇದ್ದದ್ದು. ಐದು ನಿಮಿಷದಲ್ಲಿ ಮುಗಿಯಿತು. ಅವಳು ನನ್ನ ಕೈ ಬಿಟ್ಟು ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಸ್ಪೀಕರು ಶುರುವಾಯಿತು. “ಪ್ರಯಾಣಿಕರು ದಯವಿಟ್ಟು ಗಮನಿಸಿ. ಗದಗದಿಂದ ನರೇಗಲ್ ಮಾರ್ಗವಾಗಿ ಗಜೇಂದ್ರಗಡಕ್ಕೆ ಹೋಗುವ ಬಸ್ಸು…”

ನಾನು ಅವಳ ಬಾಯಿ ನೋಡುತ್ತಿದ್ದೆ. ಅವಳು ತಲೆಯೆತ್ತಿ ಸ್ಪೀಕರನ್ನು ನೋಡುತ್ತಿದ್ದಳು. ತುಟಿ ಬಿಚ್ಚಲಿಲ್ಲ. ನಾಲ್ಕನೇ ಅಂಕಣ ಬಂತು, ಪ್ರಯಾಣಿಕರು ತಮ್ಮ ಸಾಮಾನುಗಳ ಬಗ್ಗೆ ಎಚ್ಚರ ವಹಿಸಬೇಕಾದದ್ದು ಬಂತು, ಧನ್ಯವಾದವೂ ಬಂತು. ಹದಿನಾಲ್ಕು ಸೆಕೆಂಡು ಮುಗಿಯಿತು.

ಆಗ ಲೀಲಾ ನನ್ನ ಕಡೆ ತಿರುಗಿ ಮಾತಾಡತೊಡಗಿದಳು.

ಅವಳ ಕಣ್ಣು ನನ್ನ ಮೇಲೆಯೇ ಇತ್ತು. ಅವಸರವಿಲ್ಲದೆ, ನಡುನಡುವೆ ನಿಂತು, ಮೈಕಿನ ಮುಂದೆ ಮಾತಾಡುವ ಹಾಗೆ ಪ್ರತಿ ಶಬ್ದಕ್ಕೂ ಜಾಗ ಕೊಟ್ಟು ಮಾತಾಡಿದಳು. ಕೈ ಆಡಿಸಲಿಲ್ಲ, ಹುಬ್ಬು ಏರಿಸಲಿಲ್ಲ. ನಾನು ಬಸ್‌ಸ್ಟ್ಯಾಂಡಿನ ಗಡಿಯಾರ ನೋಡಿದೆ, ನಲವತ್ತೇಳು ಸೆಕೆಂಡು. ಕಡಲೆ ಮಾರುವವಳ ಕೂಗು, ಬಸ್ಸು ಹಿಂದಕ್ಕೆ ತೆಗೆಯುವ ಕಂಡಕ್ಟರನ ಸೀಟಿ ಎಲ್ಲವೂ ಕೇಳಿಸುತ್ತಿತ್ತು.

ಜೇಬಿನಿಂದ ಚೀಟಿ, ಪೆನ್ನು ತೆಗೆದು ಅವಳ ಮುಂದೆ ಹಿಡಿದೆ. “ಬರದ ಕೊಡು ಲೀಲಾ. ನಿನ್ನ ಕಾಲಿಗೆ ಬೀಳ್ತೀನಿ.” ಅವಳು ಪೆನ್ನು ತೆಗೆದುಕೊಂಡು ಬರೆದಳು: ‘ಹೇಳಬೇಕಾದದ್ದನ್ನು ಹೇಳಿದ್ದೇನೆ.’ ಸೆರಗು ಸರಿಮಾಡಿಕೊಂಡು ಎದ್ದು ಮನೆಯ ಕಡೆ ನಡೆದಳು. ನಾನು ಹಿಂದೆ ಹೋದೆ. ಹುಣಸೆ ಚಟ್ನಿ ಬಡಿಸಿದಳು.

ಸೆಕೆಂಡುಗಳ ವಿಷಯದಲ್ಲಿ ಲೀಲಾಗೆ ತಪ್ಪಾಗುವುದಿಲ್ಲ. ಅದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು.

ಮಾರನೆಯ ದಿನ ತಾಳೆ ಕೊಠಡಿಗೆ ಹೋದೆ. ಫರ್ಜಾನಾ ನನ್ನನ್ನು ಕಂಡು ಪರದೆ ಆರಿಸಿದಳು.

“ಆ ಸಾಲು ನೋಡಿಯೇನವಾ?”

“ನೋಡೇನ್ರಿ ಸರ್.” ಅವಳ ಕಣ್ಣು ಕೆಂಪಾಗಿದ್ದವು. ಅದು ನನಗಾಗಿ ಅತ್ತದ್ದೋ ಲೀಲಾಗಾಗಿ ಅತ್ತದ್ದೋ, ಅಥವಾ ದಿನವಿಡೀ ಪರದೆ ನೋಡುವವರ ಕಣ್ಣು ಹಾಗೇ ಇರುತ್ತವೋ. “ತೋರ್ಸಾಕ ಬರೂದಿಲ್ರಿ. ಈಗ ನಾವು ಯಾವ ಸಾಲು ತಗದ್ವಿ ಅನ್ನೂದೂ ಮಶೀನ್ ಬರಕೊಂತೈತಿ.”

“ತೋರ್ಸಬ್ಯಾಡ. ಛಲೋದೋ ಕೆಟ್ಟದ್ದೋ ಅಷ್ಟ ಹೇಳು.”

ಅವಳು ತಲೆ ತಗ್ಗಿಸಿದಳು. “ಮೇಡಂ ಅವರನ್ನಽ ಕೇಳ್ರಿ, ಸರ್.” ಕೊಠಡಿಯ ಹನ್ನೊಂದು ಜನರೂ ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಅವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ಗೊತ್ತಿಲ್ಲ. ನನ್ನ ಹೆಂಡತಿ ನನಗೆ ಹೇಳಿದ ಮಾತು ಆ ಕೋಣೆಯಲ್ಲಿತ್ತು, ಓದಬಾರದವನು ನಾನೊಬ್ಬ.

ಮೂರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಪರದೆಗೆ ಹದಿನೆಂಟು ಶಬ್ದಚೀಟಿ ಬಂದವು. ಒಂಬತ್ತನೆಯದನ್ನು ತೆರೆದೆ.

ದಿನಾಂಕ: ಮೂವತ್ತು. ಸಮಯ: ಸಂಜೆ 6:53. ಶಬ್ದ: ಖೋಡಿ.

ಕೆಳಗೆ ಎರಡು ಮನೆ.

ನಲವತ್ತೇಳು ಸೆಕೆಂಡಿನಲ್ಲಿ ಒಂದು ಶಬ್ದ ನನ್ನ ಕೈಗೆ ಸಿಕ್ಕಿತ್ತು. ಅಳುವ ಗಂಡನ ಕಣ್ಣು ಒರೆಸುತ್ತ ಅಂದ ಖೋಡಿಯೋ, ತಮ್ಮನಿಗೆ ಅಂದ ಖೋಡಿಯೋ. ಅವಳ ಮುಖ ನೆನಪು ಮಾಡಿಕೊಂಡೆ. ಆ ಮುಖ ಎರಡಕ್ಕೂ ಹೊಂದುತ್ತಿತ್ತು. ಷರಾ ಜಾಗದಲ್ಲಿ ‘ಸಂದರ್ಭ ನೋಡದೆ ಹೇಳಲಾಗದು’ ಎಂದು ಬರೆದು ವಾಪಸು ಕಳಿಸಿದೆ. ಮೂವತ್ತು ವರ್ಷ ಕನ್ನಡ ತಿದ್ದಿದವನ ನಿಜವಾದ ಅಭಿಪ್ರಾಯವೂ ಅದೇ.

ನಾಲ್ಕು ನಿಮಿಷಕ್ಕೆ ಚೀಟಿ ತಿರುಗಿ ಬಂತು. ‘ಮಾತಾಡಿದವರ ಖಾಸಗಿತನದ ದೃಷ್ಟಿಯಿಂದ ಸಂದರ್ಭ ನೀಡಲಾಗದು. ದಯವಿಟ್ಟು ಒಂದು ಮನೆಯನ್ನು ಗುರುತಿಸಿ.’ ನನ್ನದೇ ವಾಕ್ಯ, ಒಂದು ಶಬ್ದವೂ ಹೆಚ್ಚಿಲ್ಲ.

‘ಬೈಗುಳವಲ್ಲ’ ಎಂಬ ಮನೆಯ ಮೇಲೆ ಬೆರಳಿಟ್ಟೆ, ತೆಗೆದೆ. ಅಲ್ಲಿ ಗುರುತು ಹಾಕಿದರೆ ನನಗೆ ನಾನೇ ಮಾಫಿ ಬರೆದುಕೊಂಡ ಹಾಗೆ. ಅವಳ ಪರವಾಗಿ ಒಂದು ಸಲ ಬರೆದದ್ದು ಸಾಕಾಗಿತ್ತು. ‘ಬೈಗುಳ’ ಎಂಬ ಮನೆಯನ್ನು ಒತ್ತಿದೆ. ಚೀಟಿ ಹೋಯಿತು, ಹತ್ತನೆಯದು ಬಂತು.

ಸಂಜೆ ಮನೆಗೆ ಹೋದಾಗ ಲೀಲಾ ಬಾಗಿಲು ತೆಗೆದು, ನನ್ನ ಕೈಯಿಂದ ಬುತ್ತಿ ಡಬ್ಬಿ ತೆಗೆದುಕೊಂಡು, ಏನೋ ಅಂದಳು.

“ಹೂಂ” ಅಂದೆ.